ಇದ್ದಿಲಿನ ಗುರುತು

ಬೆರಳುಗಳ ಸಂದಿಯಲ್ಲಿ ಎಷ್ಟು ಕೆಂಪು, ಟ್ಯೂಬ್‌ಲೈಟಿಗೆ ಕೈಯೆತ್ತಿ ಹಿಡಿದಿದ್ದೇನೆ ಎನ್ನುವುದು ಹಿಡಿದ ಮೇಲೆ ತಿಳಿಯಿತು, ಅಭ್ಯಾಸ, ಯಾವ ದೀಪ ಕಂಡರೂ ಈ ಕೈ ತನ್ನಲ್ಲೊಂದು ಮೊಟ್ಟೆಯಿದೆ ಎಂದೇ ನಂಬುತ್ತದೆ, ಪಕ್ಕದ ಕುರ್ಚಿಯವಳು ನೋಡಿದಳೇನೋ, ನೋಡಿದರೆ ನೋಡಲಿ — ಕೈಯಿಳಿಸಿ ಗೌನಿನ ದಾರ ಹುಡುಕುತ್ತೇನೆ, ಆಸ್ಪತ್ರೆಯ ಉಡುಪೆಲ್ಲ ಹಿಂದೆ ಕಟ್ಟುವುದು, ಇಲ್ಲಿ ಮಾತ್ರ ಮುಂದೆ, ಎಷ್ಟು ಹೆಂಗಸರು ಕಟ್ಟಿದರೋ ಬಿಚ್ಚಿದರೋ, ದಾರದ ತುದಿ ಪಿಸಿದು ಹೂವಿನಂತಾಗಿದೆ, ತೊಳೆದು ತೊಳೆದು ಹಸಿರು ಎನ್ನುವುದು ಬರೀ ಹೆಸರಿಗೆ. ಎದೆಯ ಚಿತ್ರ ತೆಗೆದದ್ದಾಯಿತು, ಮನೆಗೆ ಹೋಗಬಹುದು ಎಂದುಕೊಂಡಿದ್ದೆ, ಬಟ್ಟೆ ಹಾಕ್ಕೋಬೇಡಿ ಅಮ್ಮಾ, ಡಾಕ್ಟರು ಇನ್ನೊಂದು ಚಿತ್ರ ಬೇಕು ಅಂತಿದ್ದಾರೆ, ಎಡಗಡೇದು ಮಾತ್ರ, ಸ್ವಲ್ಪ ಕೂತಿರಿ, ಗಾಬರಿ ಏನಿಲ್ಲ, ಎಂದಳು ಸಿಸ್ಟರು. ಗಾಬರಿ ಏನಿಲ್ಲ. ನಾನೂ ಹಾಗೇ ಹೇಳುತ್ತೇನೆ, ಮೊಟ್ಟೆಗೆ, ಕೋಳಿಮರಿ ಮಾಡಿಸುವ ಹ್ಯಾಚರಿಯ ಕತ್ತಲ ಕೋಣೆಯಲ್ಲಿ ಕೆಳಗಿನಿಂದ ದೀಪ ಉರಿಯುವ ಮೇಜಿನ ಮುಂದೆ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿಯುವಾಗ, ಒಳಗೆ ಜೇಡರ ಬಲೆಯಂತೆ ಕೆಂಪು ನರ ಹರಡಿದ್ದರೆ ಜೀವ ಇದೆ, ಈ ಕಡೆಯ ತಟ್ಟೆಗೆ, ಏನೂ ಇಲ್ಲದೆ ಬರೀ ಹಳದಿ ಬೆಳದಿಂಗಳಾಗಿದ್ದರೆ ಮರಿಯಿಲ್ಲ, ಆ ಕಡೆಗೆ, ಇನ್ನು ಕೆಲವು ಇರುತ್ತವೆ, ಹೌದೂ ಅಲ್ಲ ಇಲ್ಲವೂ ಅಲ್ಲ, ಒಂದು ಮಬ್ಬು, ಒಂದು ನೆರಳು, ಅವಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಪಕ್ಕಕ್ಕಿಡುತ್ತೇನೆ, ಮತ್ತೆ ನೋಡೋಣ, ಗಾಬರಿ ಏನಿಲ್ಲ ಕಂದಾ — ಈಗ ಆ ಗೋಡೆಯ ಆಚೆ, ನಾನು ಮುಖ ನೋಡದ ಡಾಕ್ಟರೊಬ್ಬರು ನನ್ನನ್ನು ಬೆಳಕಿಗೆ ಹಿಡಿದು ಕೂತಿದ್ದಾರೆ, ಎಡಗಡೆಯದು, ಮತ್ತೆ ನೋಡೋಣ ಎಂದಿದ್ದಾರೆ, ನಾನೀಗ ಪಕ್ಕಕ್ಕಿಟ್ಟ ಮೊಟ್ಟೆ.

ಬೆಳಗ್ಗೆ ಕೇಳಿದ್ದಳಲ್ಲ ಸಿಸ್ಟರು, ಪೆನ್ನನ್ನು ಕಿವಿಯ ಸಂದಿಯಿಂದ ತೆಗೆದು, ಮನೇಲಿ ಯಾರಿಗಾದ್ರೂ ಇತ್ತಾ ಅಮ್ಮಾ, ಎದೆ ಕ್ಯಾನ್ಸರು, ತಾಯಿಗೆ? ಇಲ್ಲ, ಅಮ್ಮ ಮುಪ್ಪಿನಲ್ಲಿ ಮಲಗಿದವಳು ಏಳಲಿಲ್ಲ, ಅಷ್ಟೆ. ಅಕ್ಕತಂಗೀರು? ಇಲ್ಲ, ತಮ್ಮ ಒಬ್ಬನೇ. ಚಿಕ್ಕಮ್ಮ, ದೊಡ್ಡಮ್ಮ, ತಾಯಿಯ ತಾಯಿ? ಎಲ್ಲರೂ ಹಣ್ಣಾಗಿ ಉದುರಿದವರು. ಇನ್ಯಾರಾದ್ರೂ? ಇಲ್ಲ ಎಂದೆ, ಎಷ್ಟು ಸಲೀಸಾಗಿ ಬಂತು ಆ ಇಲ್ಲ, ಹಾಗಾದ್ರೆ ನೀವು ಸಾಮಾನ್ಯ ಅಪಾಯದವರು, ಎರಡು ವರ್ಷಕ್ಕೊಮ್ಮೆ ಬಂದ್ರೆ ಸಾಕು, ಎಂದು ನಕ್ಕಳು, ನಾನೂ ನಕ್ಕೆ, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ. ಹ್ಯಾಚರಿಯಲ್ಲಿ ತಟ್ಟೆಗೆ ಅಂಟಿಸುವ ಚೀಟಿಯಲ್ಲಿ ಹೇಂಟೆಗಳ ಮನೆಯ ಸಂಖ್ಯೆ ಮಾತ್ರ ಇರುತ್ತದೆ, ಯಾವ ಮನೆಯ ಹೇಂಟೆ, ಎಷ್ಟು ವಯಸ್ಸಿನದು, ಮುದಿ ಹೇಂಟೆಗಳ ತಟ್ಟೆ ಬಂದರೆ ಮೊದಲು ನೋಡು, ಮತ್ತೆ ಮತ್ತೆ ನೋಡು, ಹರೆಯದವಾದರೆ ಒಮ್ಮೆ ನೋಡಿದರೆ ಸಾಕು, ಹುಂಜ ಯಾವುದು, ಎಂಥದು ಎಂದು ಯಾರೂ ಬರೆಯುವುದಿಲ್ಲ, ಕೂಗುವುದಷ್ಟೇ ಅದರ ಕೆಲಸವೇನೋ ಎನ್ನುವ ಹಾಗೆ — ಆ ಲೆಕ್ಕದಲ್ಲೇ ನನ್ನನ್ನೂ ತಟ್ಟೆಯಲ್ಲಿಟ್ಟು ಅಮ್ಮನ ಮನೆಯ ಸಂಖ್ಯೆ ಹೇಳಿ ಮುಗಿಸಿದೆ, ಅಪ್ಪನ ಕಡೆಯದು ಬಾಯಿಗೇ ಬರಲಿಲ್ಲ. ಅತ್ತೆ ನೆನಪಾಗಲಿಲ್ಲವೇ? ನೆನಪಾಗದೆ ಏನು, ಅಪ್ಪನ ತಂಗಿ, ನನ್ನನ್ನು ಎತ್ತಿ ಆಡಿಸಿದವಳು, ಈ ಬೆರಳುಗಳಿಗೆ ಮೊಟ್ಟೆ ಹಿಡಿಯುವುದನ್ನು ಕಲಿಸಿದವಳು, ಅವಳನ್ನು ಮರೆತರೆ ಅನ್ನ ತಿನ್ನುವ ಕೈಯನ್ನೇ ಮರೆತ ಹಾಗೆ, ಆದರೆ ಅತ್ತೆ ಹೋದದ್ದು ಜ್ವರದಿಂದ, ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದದ್ದು ಹಾಗೆ, ಅಪ್ಪ ಬಂದವರಿಗೆಲ್ಲ ಹೇಳಿದ, ಅಮ್ಮ ಹೇಳಿದಳು, ನಾನೂ ಹೇಳಿದೆ, ಹೇಳಿ ಹೇಳಿ ಅದು ಸವೆದ ಮೆಟ್ಟಿಲಿನಂತೆ ನುಣುಪಾಯಿತು, ಕಾಲು ತಾನೇ ಜಾರುತ್ತದೆ, ಜ್ವರ.

ನೀವು ಎಷ್ಟನೇ ಸಲ, ಎಂದು ಕೇಳುತ್ತಿದ್ದಾಳೆ ಪಕ್ಕದವಳು, ಗೌನಿನ ಮೇಲೆ ಖಾಕಿ ಕೋಟು ಹೊದ್ದವಳು, ಬಸ್ಸಿನ ಕಂಡಕ್ಟರು, ಡ್ಯೂಟಿಯ ನಡುವೆ ಓಡಿ ಬಂದವಳು, ಮೊದಲನೇ ಸಲ ಎಂದೆ, ಹ್ಯಾಚರಿಯ ಕಂಪನಿಯವರೇ ಹೆಂಗಸರನ್ನೆಲ್ಲ ಕಳಿಸಿದ್ದಾರೆ, ವಯಸ್ಸಾದವರು ಮೊದಲು ಎಂದು. ಮೊದಲನೇ ಸಲ ಒಳ್ಳೇ ಇಸ್ತ್ರಿ ಹಾಕಿದ ಹಾಗಾಗುತ್ತೆ ಅಲ್ವಾ, ಎಂದು ನಗುತ್ತಾಳೆ, ನಂಗೇನಿಲ್ಲಪ್ಪ, ಬೆಳಗಿನ ಬಸ್ಸಲ್ಲಿ ಇದಕ್ಕಿಂತ ಜಾಸ್ತಿ ಒತ್ತುತ್ತಾರೆ, ಅದರ ಮಧ್ಯೆ ಟಿಕೆಟ್ ಬೇರೆ ಹರೀಬೇಕು — ನಾನೂ ನಕ್ಕುಬಿಟ್ಟೆ, ಎಷ್ಟು ದಿನವಾಗಿತ್ತೋ ಇನ್ನೊಬ್ಬರ ಪಕ್ಕ ಕೂತು ನಗದೆ, ಕತ್ತಲ ಕೋಣೆಯಲ್ಲಿ ನಾನೊಬ್ಬಳೇ, ಮನೆಯಲ್ಲೂ ನಾನೊಬ್ಬಳೇ, ಬೀಗ ತೆಗೆದು ಒಳಗೆ ಕಾಲಿಡುವಾಗ ಬಂದೆ ಎನ್ನುತ್ತೇನೆ, ಯಾರಿಗೆ ಎಂದು ದೇವರಿಗೂ ಗೊತ್ತಿಲ್ಲ, ಅಥವಾ ಅವನಿಗೊಬ್ಬನಿಗೇ ಗೊತ್ತು, ಅವನಿಗೇ ಹೇಳುವುದಿರಬೇಕು. ನಾನು ಪಾಸ್ ಇಟ್ಕೊಂಡಿರೋ ಗಿರಾಕಿ, ಎಂದಳು ಕಂಡಕ್ಟರು, ನಮ್ಮಮ್ಮನಿಗೂ ಬಂದಿತ್ತು, ನಮ್ಮಕ್ಕನಿಗೂ ಬಂತು, ಇನ್ನೂ ಚಿಕ್ಕ ವಯಸ್ಸು, ಅಕ್ಕ ಈಗ ಚೆನ್ನಾಗಿದ್ದಾಳೆ, ಬೇಗ ಸಿಕ್ತು ನೋಡಿ, ಆಮೇಲೆ ನನ್ನ ಎಳ್ಕೊಂಡು ಬಂದ್ರು, ಮೂವತ್ತು ತುಂಬಿದಾಗಿಂದ ವರ್ಷಾವರ್ಷ ಬರ್ತೀನಿ, ಆರು ತಿಂಗಳಿಗೆ ಈ ಯಂತ್ರ, ಇನ್ನಾರು ತಿಂಗಳಿಗೆ ಆ ಸುರಂಗದಂಥ ಯಂತ್ರ, ಒಳಗೆ ಮಲಗಿದ್ರೆ ಯಾರೋ ತಗಡು ಬಡಿದ ಹಾಗೆ ಸದ್ದು, ನಾನು ನಿದ್ದೆ ಹೊಡೀತೀನಿ, ಮನೇಲಿ ಅಷ್ಟೂ ಬಿಡುವಿಲ್ಲ. ಹೆದರಿಕೆ ಆಗೋದಿಲ್ವಾ ಎಂದೆ. ಆಗುತ್ತೆ, ಎಂದಳು, ನಗು ಇಳಿಸಿ, ಪ್ರತಿ ಸಲ ಆಗುತ್ತೆ, ಆದರೆ ಅದು ನನ್ನ ನೋಡೋ ಮುಂಚೆ ನಾನು ಅದನ್ನ ನೋಡಬೇಕಲ್ಲ. ಅಷ್ಟರಲ್ಲಿ ಅವಳನ್ನು ಒಳಗೆ ಕರೆದರು, ಕುರ್ಚಿಯ ಮೇಲೆ ಖಾಕಿ ಕೋಟು ಬಿಟ್ಟು ಹೋದಳು, ನೋಡ್ಕೊಳ್ಳಿ ಅಕ್ಕ ಎಂದು, ಅಕ್ಕ ಎಂದಳು, ಗುರುತಿಲ್ಲದವಳು, ಕೋಟಿನ ತೋಳು ನನ್ನ ಮಂಡಿಯ ಮೇಲೆ ಬಿದ್ದಿದೆ, ಬೆಚ್ಚಗಿದೆ, ತೆಗೆಯುವುದಿಲ್ಲ ನಾನು.

ಅತ್ತೆಯದೊಂದು ತಗಡಿನ ಡಬ್ಬಿ ಇತ್ತು, ಪಕ್ಕದಲ್ಲಿ ಮೊಳೆ ಹೊಡೆದು ಅಗಲಿಸಿದ ತೂತು, ಒಳಗೆ ಸಣ್ಣ ದೀಪ, ಸಂಜೆ ಹಿತ್ತಿಲ ಕೋಳಿಗೂಡಿನ ಮುಂದೆ ಕೂತು ಕಾವಿಗಿಟ್ಟ ಮೊಟ್ಟೆಗಳನ್ನು ಒಂದೊಂದೇ ತೂತಿಗೆ ಹಿಡಿಯುತ್ತಿದ್ದಳು, ನಾನು ಅವಳ ಮಂಡಿಗೆ ಗಲ್ಲ ಒತ್ತಿ, ಮೊಟ್ಟೆ ಒಳಗಿನಿಂದ ಹೊತ್ತಿಕೊಳ್ಳುತ್ತಿತ್ತು, ಅವಳ ಬೆರಳುಗಳೂ ಹೊತ್ತಿಕೊಳ್ಳುತ್ತಿದ್ದವು, ಸಂಶಯ ಬಂದದ್ದಕ್ಕೆ ಒಲೆಯ ಇದ್ದಿಲಿನಿಂದ ಒಂದು ಸುತ್ತು ಗೀಚಿ ಮತ್ತೆ ಕೋಳಿಯ ಹೊಟ್ಟೆಯಡಿಗೆ ತಳ್ಳುತ್ತಿದ್ದಳು, ಎಸೆಯಬಾರದು ಮಗೂ, ಎಸೆಯೋದಕ್ಕೆ ನಾವ್ಯಾರು, ಗುರುತು ಹಾಕಿ ಇನ್ನೊಂದು ಸಲ ನೋಡಬೇಕು. ಕಥೆ ಹೇಳುತ್ತಿದ್ದಳು, ಕೈ ನಿಲ್ಲಿಸದೆ, ಒಂದಾನೊಂದು ಕಾಲದಲ್ಲಿ ದೇವರು ಮನುಷ್ಯರನ್ನು ಭೂಮಿಗೆ ಕಳಿಸುವ ಮುಂಚೆ ಒಬ್ಬೊಬ್ಬರನ್ನೇ ಸೂರ್ಯನಿಗೆ ಹಿಡಿದು ನೋಡುತ್ತಿದ್ದನಂತೆ, ಯಾರಲ್ಲಿ ನೆರಳು ಕಂಡಿತೋ ಅವರನ್ನು ಎಸೆಯಲಿಲ್ಲವಂತೆ, ಬೆರಳು ಮಸಿಗೆ ಅದ್ದಿ ಒಂದು ಚುಕ್ಕೆ ಇಟ್ಟನಂತೆ, ಇವರನ್ನು ಇನ್ನೊಂದು ಸಲ ನೋಡುತ್ತೇನೆ ಎಂದು, ಅದೇ ನಮ್ಮ ಮೈಮೇಲಿನ ಮಚ್ಚೆ, ನನ್ನ ಕತ್ತಿನಲ್ಲಿದೆಯಲ್ಲ ಅತ್ತೆ, ಹೂಂ ಮಗೂ, ನಿನ್ನನ್ನ ಮತ್ತೆ ನೋಡ್ತಾನೆ, ನಿನಗೆಲ್ಲಿದೆ ಅತ್ತೆ ಎಂದರೆ ನಗುತ್ತಿದ್ದಳು, ನನಗೆ ಇಲ್ಲ ಕಣೇ, ನನ್ನ ನೋಡೋದು ಮರೆತಿರಬೇಕು ಅವನು, ಸಂತೆ ಗದ್ದಲದಲ್ಲಿ. ಆ ಮಾತಿಗೆ ನಾನು ಅತ್ತಿದ್ದೆನಂತೆ, ಅಮ್ಮ ಹೇಳುತ್ತಿದ್ದಳು, ಒಲೆಯ ಇದ್ದಿಲು ತಂದು ಅತ್ತೆಯ ಕೆನ್ನೆಗೆ ಚುಕ್ಕೆ ಇಟ್ಟೆನಂತೆ, ದೇವರಿಗೆ ಕಾಣಲಿ ಎಂದು — ಬಾಗಿಲು ತೆರೆಯಿತು, ನನ್ನನ್ನಲ್ಲ, ಇನ್ಯಾರನ್ನೋ ಕರೆದರು, ನೆಲದ ಟೈಲ್ಸಿನ ಮೇಲೆ ಚಪ್ಪಲಿ ಸದ್ದು ದೂರವಾಯಿತು, ಗೋಡೆಯ ಟಿ.ವಿ.ಯಲ್ಲಿ ಒಬ್ಬಳು ಸದ್ದಿಲ್ಲದೆ ಅಡಿಗೆ ಮಾಡುತ್ತಿದ್ದಾಳೆ, ಬಾಯಿ ಮಾತ್ರ ಆಡುತ್ತಿದೆ, ಅಮ್ಮ ಆಮೇಲಾಮೇಲೆ ಅತ್ತೆಯ ಸುದ್ದಿ ಬಂದಾಗ ಹೀಗೇ ಇರುತ್ತಿದ್ದಳು, ಬಾಯಿ ಆಡುತ್ತಿತ್ತು, ಮಾತು ಮಾತ್ರ ಬೇರೆ ಏನೋ.

ಅಕ್ಕಾ, ಭಾನುವಾರ ಬಾ ಎಂದು ತಮ್ಮ ಫೋನ್ ಮಾಡಿದ್ದು ಮೊನ್ನೆ, ಎಷ್ಟು ವರ್ಷದ ಮೇಲೆ, ಅವನ ದನಿಯಲ್ಲಿ ಅಪ್ಪನ ಕೆಮ್ಮು ಸೇರಿಕೊಂಡಿದೆ, ಗುಬ್ಬಿಯನ್ನ ನೋಡೋಕೆ ಹುಡುಗನ ಮನೆಯೋರು ಬರ್ತಾರೆ, ಅಕ್ಕ, ಎಲ್ಲ ಕೂಡಿ ಬಂದಿದೆ, ಮನೆ ಹಿರಿಯಳು ಅಂತ ನೀನಿರಬೇಕು, ಗುಬ್ಬಿಯೂ ಹಟ ಮಾಡ್ತಿದ್ದಾಳೆ ಅತ್ತೆ ಬಂದ್ರೇನೇ ಅಂತ. ಹೂಂ ಎಂದೆ, ಗುಬ್ಬಿ, ತಮ್ಮನ ಮಗಳು, ನನ್ನ ಗುಬ್ಬಿ, ತೊಟ್ಟಿಲಿನಲ್ಲೇ ಮಾತು ಶುರು ಮಾಡಿದವಳು, ಮೂವತ್ತು ಆಗುತ್ತಾ ಬಂತಲ್ಲ ಅದಕ್ಕೆ — ಆಮೇಲೆ ತಮ್ಮ ದನಿ ಇಳಿಸಿದ, ಅಕ್ಕ, ಒಂದು ಮಾತು, ಬೇಜಾರು ಮಾಡ್ಕೋಬೇಡ, ತೀರಿಹೋದ ಆ ಅತ್ತೆ ಸುದ್ದಿ ಮಾತ್ರ ಎತ್ತಬೇಡ, ಹೋದ ಸಲದ ಥರ. ಹೋದ ಸಲ ಎಂದರೆ ಗುಬ್ಬಿ ಇನ್ನೂ ಶಾಲೆಯಲ್ಲಿದ್ದಾಗ, ಹಳೆಯ ಫೋಟೋ ಹಿಡಿದು ಇವರ್ಯಾರು, ಇವರು ಹೆಂಗೆ ಹೋದ್ರು ಎಂದು ಕೇಳಿದ್ದಕ್ಕೆ ಎದೆಯಲ್ಲಿ ಗಂಟಾಗಿ ಎಂದೆ, ಅಷ್ಟೆ, ಅಷ್ಟಕ್ಕೇ ತಮ್ಮ ಎದ್ದುನಿಂತ, ಮನೇಲಿ ಹೆಣ್ಣುಮಗು ಬೆಳೀತಾ ಇದೆ, ನಾಳೆ ಯಾರಾದ್ರೂ ಕೇಳಿಸಿಕೊಂಡ್ರೆ ಈ ವಂಶದ ಹುಡುಗಿಯನ್ನ ಯಾರು ಕೇಳ್ತಾರೆ, ಜ್ವರ ಅಂತ ಅಪ್ಪ ಹೇಳಿದ್ದಾನೆ, ಜ್ವರ ಅಷ್ಟೆ ಎಂದ, ಅತ್ತೆ ಹೋದಾಗ ಅವನು ಇನ್ನೂ ಅಂಬೆಗಾಲಿನ ಕೂಸು, ಅವನಿಗೇನು ಗೊತ್ತು, ಆ ಫೋಟೋದ ದಿನದಿಂದ ಆ ಮನೆಯ ಬಾಗಿಲು ಮುಚ್ಚಿಲ್ಲ, ತೆರೆದೂ ಇಲ್ಲ, ಗುಬ್ಬಿ ಕದ್ದು ಫೋನ್ ಮಾಡುತ್ತಿದ್ದಳು, ಆಮೇಲೆ ಕೆಲಸ ಸಿಕ್ಕಿ ಅದೂ ಅಪರೂಪವಾಯಿತು. ಭಾನುವಾರಕ್ಕೆ ಒಳ್ಳೆಯ ಬಟ್ಟೆ ಇಸ್ತ್ರಿ ಮಾಡಿಸಿ ಗೂಟಕ್ಕೆ ಹಾಕಿದ್ದೇನೆ, ಬೆಳಗ್ಗೆ ಎದ್ದವಳು ಮೊದಲು ಅದನ್ನೇ ನೋಡುತ್ತೇನೆ, ತೋಳು ಬಿಟ್ಟುಕೊಂಡು ನಿಂತಿರುತ್ತದೆ, ಯಾರೋ ಬಂದು ನಿಂತ ಹಾಗೆ, ಒಂದು ಮೇಜು, ಸುತ್ತ ಜನ, ಅತ್ತೆ ಇದು ಹಾಕ್ಕೋ ಅತ್ತೆ ಅದು ತಗೋ, ದೇವರೇ, ನಾನು ಬೇಡಿದ್ದು ಅಷ್ಟೇ ಅಲ್ಲವೇ, ಒಂದು ಮನೆಯಲ್ಲಿ ಒಂದು ಕುರ್ಚಿ, ನೀನು ಕೊಟ್ಟೆ, ಕೊಟ್ಟು ಈ ಕೋಣೆಯಲ್ಲಿ ತಂದು ಕೂರಿಸಿದೆ.

ಬನ್ನಿ ಅಮ್ಮಾ ಎಂದಳು ಸಿಸ್ಟರು, ಕೋಟನ್ನು ಮಡಚಿ ಕುರ್ಚಿಯ ಮೇಲಿಟ್ಟು ಎದ್ದೆ, ಒಳಗೆ ತಣ್ಣಗಿದೆ, ಯಂತ್ರ ಕತ್ತು ಬಗ್ಗಿಸಿ ನಿಂತಿದೆ ದೊಡ್ಡ ಹಕ್ಕಿಯ ಹಾಗೆ, ಗೌನಿನ ಎಡ ಭಾಗ ಇಳಿಸಿದೆ, ನಾಚಿಕೆ ಬೆಳಗ್ಗೆಯೇ ಮುಗಿದಿತ್ತು, ಇಲ್ಲೊಂದು ಗುರುತು ಹಾಕ್ತೀನಿ, ಡಾಕ್ಟರು ಈ ಜಾಗ ಹತ್ತಿರದಿಂದ ಬೇಕು ಅಂದ್ರು, ಪೆನ್ನು ತಣ್ಣಗಿರುತ್ತೆ, ಎಂದಳು, ಕಿವಿಯ ಸಂದಿಯ ಪೆನ್ನಲ್ಲ, ಕಪ್ಪು ಸ್ಕೆಚ್ ಪೆನ್ನು, ಮೈಮೇಲೆ ಸುತ್ತು ಬಂತು ಅದು, ಸಣ್ಣ ಉಂಗುರ, ನಾನು ಕೆಳಗೆ ನೋಡಿದೆ, ನೋಡಬಾರದಿತ್ತು — ಬಚ್ಚಲು, ಹೊಗೆ, ತಾಮ್ರದ ಹಂಡೆ, ಅತ್ತೆಗೆ ಎಡಗೈ ಎತ್ತಲಾಗುತ್ತಿಲ್ಲ, ಬೆನ್ನಿಗೆ ನೀರು ಹಾಕ್ತೀಯಾ ಮಗೂ ಎಂದು ಕರೆದಿದ್ದಾಳೆ, ಬಾಗಿಲು ಹಾಕಿ ಬಾ, ನಾನು ತಂಬಿಗೆ ಎತ್ತಿ ಸುರಿಯುತ್ತೇನೆ, ಅವಳು ತಿರುಗುತ್ತಾಳೆ, ಮರೆತು ತಿರುಗುತ್ತಾಳೆ, ಎಡ ಎದೆಯ ಮೇಲೆ ಇದ್ದಿಲಿನ ಉಂಗುರ. ಮೊಟ್ಟೆಗೆ ಹಾಕುವಂಥದೇ, ಅದೇ ಕೈಯ ಸುತ್ತು. ಅತ್ತೆ ಇದೇನು ಎಂದೆ, ಅವಳು ಒದ್ದೆ ಕೈಯಿಂದ ಮುಚ್ಚಿಕೊಂಡಳು, ಆಮೇಲೆ ಯಾಕೋ ಕೈ ತೆಗೆದಳು, ಸಣ್ಣ ಗಂಟು ಮಗೂ, ಹುಣಸೆ ಬೀಜದಷ್ಟು, ನೋವಿಲ್ಲ ಏನಿಲ್ಲ, ನಮ್ಮಮ್ಮನಿಗೂ ಇಲ್ಲೇ ಹೀಗೇ ಇತ್ತು, ಗುರುತು ಹಾಕಿಟ್ಟಿದೀನಿ, ಬೆಳೀತಾ ಇದ್ಯಾ ಅಂತ ನೋಡ್ತೀನಿ, ಗುರುತು ದಾಟಿದ್ರೆ ನಿಮ್ಮಪ್ಪನಿಗೆ ನಾನೇ ಹೇಳ್ತೀನಿ, ನೀನು ಹೇಳಬೇಡ. ನನಗೆ ಅದು ಸರಿಯೆನಿಸಿತು, ಹಾಗೆ ಮಾಡುವುದಲ್ಲವೇ, ಸಂಶಯ ಬಂದರೆ ಗುರುತು ಹಾಕುವುದು, ಮತ್ತೆ ನೋಡುವುದು, ಅತ್ತೆಗಿಂತ ಚೆನ್ನಾಗಿ ಇನ್ನಾರು ನೋಡುತ್ತಾರೆ. ಉಸಿರು ಹಿಡ್ಕೊಳ್ಳಿ ಅಮ್ಮಾ, ಅಲ್ಲಾಡಬೇಡಿ, ಹಲಗೆ ಇಳಿದು ಒತ್ತಿತು, ಯಂತ್ರ ಗುಂಯ್ ಎಂದಿತು, ಮುಂದಿನ ಸಲ ನೀರು ಹಾಕಲು ಕರೆದಾಗ ಆ ಉಂಗುರದ ಆಚೆಗೆ ಇನ್ನೊಂದು ಉಂಗುರ ಇತ್ತು, ಒಳಗಿನದು ತೊಳೆದು ಮಾಸಿತ್ತು, ಹೊರಗಿನದು ಹೊಸದು, ಕಪ್ಪಗೆ, ದಾಟಿತ್ತು, ಗುರುತು ದಾಟಿದರೂ ಅವಳು ಅಪ್ಪನಿಗೆ ಹೇಳಲಿಲ್ಲ, ಹೊಸ ಗುರುತು ಹಾಕಿಕೊಂಡಿದ್ದಳು. ಉಸಿರು ಬಿಡಿ ಎಂದಳು ಸಿಸ್ಟರು, ನಾನು ಬಿಡಲಿಲ್ಲ, ಅಮ್ಮಾ, ಉಸಿರು ಬಿಡಿ, ಆಯ್ತು.

ಸಿಸ್ಟರ್, ಅಪ್ಪನ ಕಡೆಯದೂ ಲೆಕ್ಕಕ್ಕೆ ಬರುತ್ತಾ ಎಂದೆ, ದನಿ ನನ್ನದಲ್ಲ ಅನಿಸಿತು, ಗೌನು ಎಳೆದುಕೊಳ್ಳುತ್ತಾ ನಿಂತಿದ್ದೆ, ದಾರ ಕೈಗೆ ಸಿಗುತ್ತಿಲ್ಲ, ಅವಳೇ ಬಂದು ಕಟ್ಟಿದಳು, ಬರದೆ ಏನಮ್ಮ, ಎಂದಳು, ತಾಯಿ ಕಡೆಯಿಂದ ಎಷ್ಟೋ ತಂದೆ ಕಡೆಯಿಂದಲೂ ಅಷ್ಟೇ ಹರಿದು ಬರಬಹುದು, ಗಂಡಸಿಗೆ ಏನೂ ಆಗದೇ ಇದ್ರೂ ಮಗಳಿಗೆ ದಾಟಿಸಬಹುದು, ಯಾಕೆ, ಯಾರಿಗಿತ್ತು? ನಮ್ಮತ್ತೆಗೆ, ಅಪ್ಪನ ತಂಗಿಗೆ, ನಲವತ್ತು ತುಂಬಿರಲಿಲ್ಲ, ಅಪ್ಪನ ತಾಯಿಗೂ ಇತ್ತಂತೆ — ಹೇಳಿಬಿಟ್ಟೆ, ಗೋಡೆಯೇನೂ ಬೀಳಲಿಲ್ಲ, ಅವಳು ಬೈಯಲಿಲ್ಲ, ಬೆಳಗ್ಗೆ ಯಾಕೆ ಹೇಳಲಿಲ್ಲ ಎನ್ನಲಿಲ್ಲ, ಸ್ಟೂಲು ಎಳೆದು ಕೂತಳು, ನನ್ನನ್ನೂ ಕೂರಿಸಿದಳು, ಎಲ್ಲರಿಗೂ ಒಂದೇ ಲೆಕ್ಕ ಇಲ್ಲಮ್ಮ, ಮನೇಲಿ ಯಾರಿಗೂ ಇಲ್ಲದೋರಿಗೆ ನಲವತ್ತರ ಮೇಲೆ, ಎರಡು ವರ್ಷಕ್ಕೊಂದು ಸಲ ಸಾಕು ಅಂತೀವಿ, ನಿಮ್ಮಂಥ ಮನೇಲಿ ಹಾಗಲ್ಲ, ಡಾಕ್ಟರು ಕೂತು ಮನೆಯೋರದೆಲ್ಲ ಕೇಳಿ ಅಪಾಯ ಎಷ್ಟು ಅಂತ ಅಳೀತಾರೆ, ರಕ್ತ ಪರೀಕ್ಷೆ ಮಾಡಿ ವಂಶದಲ್ಲಿ ಹರೀತಾ ಇದ್ಯಾ ನೋಡ್ತಾರೆ, ಜಾಸ್ತಿ ಅಂತ ಕಂಡ್ರೆ ಮನೆಯೋರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೇನೇ ಶುರು ಮಾಡ್ತೀವಿ, ವರ್ಷಾವರ್ಷ, ಕೆಲವರಿಗೆ ಎಂಆರ್‌ಐ ಕೂಡ, ಬಂದೇ ಬರುತ್ತೆ ಅಂತಲ್ಲ, ಬಂದ್ರೆ ಸಣ್ಣದಿರುವಾಗಲೇ ಸಿಗಲಿ ಅಂತ. ಹತ್ತು ವರ್ಷ ಮುಂಚೆ. ನಲವತ್ತರಿಂದ ಹತ್ತು ಕಳೆದೆ, ಬೆರಳು ಮಡಚಬೇಕಾಗಿರಲಿಲ್ಲ, ಗುಬ್ಬಿ. ನನ್ನ ತಮ್ಮನಿಗೆ ಮಗಳಿದ್ದಾಳೆ ಎಂದೆ. ಅವಳೂ ಬರಲಿ, ಎಂದಳು ಸಿಸ್ಟರು, ನಿಮ್ಮದು ಏನಂತ ಇನ್ನೂ ಗೊತ್ತಿಲ್ಲ, ಡಾಕ್ಟರು ನೋಡ್ತಿದ್ದಾರೆ, ಏನೂ ಇಲ್ಲದೇ ಇರಬಹುದು, ಆದರೂ ಬರಲಿ, ಇನ್ನೊಂದು, ಯಾವ ವಯಸ್ಸಿನೋರೇ ಆಗಲಿ, ಕೈಗೇ ಏನಾದ್ರೂ ಗಂಟು ಸಿಕ್ಕಿದ್ರೆ ಈ ವರ್ಷಗಳ ಲೆಕ್ಕ ಯಾವುದೂ ಇಲ್ಲ, ಕಾಯೋ ಹಾಗಿಲ್ಲ, ಆವತ್ತೇ ಬರಬೇಕು. ಕಾಯುವ ಹಾಗಿಲ್ಲ, ಮತ್ತೆ ನೋಡೋಣ ಎನ್ನುವ ಹಾಗಿಲ್ಲ, ಅತ್ತೆ, ಕೇಳಿಸಿತಾ ನಿನಗೆ, ನಾವು ಮೊಟ್ಟೆಯ ಲೆಕ್ಕ ಇಟ್ಟಿದ್ದೆವು ಅತ್ತೆ, ಆ ಗಂಟು ಕೋಳಿಯ ಹೊಟ್ಟೆಯಡಿಗೆ ತಳ್ಳುವಂಥದಾಗಿರಲಿಲ್ಲ.

ಕಾರಿಡಾರಿನ ಕೊನೆಯಲ್ಲಿ ಕಿಟಕಿ, ಕಿಟಕಿಯ ಕೆಳಗೆ ಬಸ್ಸುಗಳು, ಕಂಡಕ್ಟರು ಕೋಟು ತೊಟ್ಟು ಹೋಗುತ್ತಾ ಬೆನ್ನು ತಟ್ಟಿ ಹೋದಳು, ಅಕ್ಕ ನಂದು ಪಾಸ್ ಆಯ್ತು ಇನ್ನಾರು ತಿಂಗಳಿಗೆ, ನಿಮ್ದೂ ಆಗುತ್ತೆ, ಫೋನು ಕೈಯಲ್ಲಿದೆ, ಮನೆಗೆ ಹೋಗಿ ಮಾಡೋಣ ಎನಿಸುತ್ತದೆ, ಮನೆಗೆ ಹೋದರೆ ಗೂಟದಲ್ಲಿ ಆ ಬಟ್ಟೆ ತೋಳು ಬಿಟ್ಟುಕೊಂಡು ನಿಂತಿರುತ್ತದೆ, ಅದು ಹೇಳಲು ಬಿಡುವುದಿಲ್ಲ, ಭಾನುವಾರ ಕಳೆಯಲಿ, ಹುಡುಗನ ಮನೆಯವರು ಬಂದು ಹೋಗಲಿ, ಮಾತು ನಿಶ್ಚಯವಾಗಲಿ, ಆಮೇಲೆ, ಆಮೇಲೆ ಎನ್ನುವುದಕ್ಕೆ ನಾಚಿಕೆಯಿಲ್ಲ, ಇದ್ದಿಲು ಸದಾ ಒಲೆಯಲ್ಲಿರುತ್ತದೆ, ಇನ್ನೊಂದು ಉಂಗುರ ಗೀಚಲು. ಹೇಳಿದರೆ ತಮ್ಮ ಇನ್ನು ಬಾ ಎನ್ನುವುದಿಲ್ಲ, ಈ ಸಲ ಗುಬ್ಬಿಯೂ ಕದ್ದು ಮಾತಾಡುವುದಿಲ್ಲವೇನೋ, ಎಲ್ಲ ಕೂಡಿ ಬಂದಿದ್ದು ನನ್ನಿಂದ ಒಡೆದರೆ ಯಾವ ಹುಡುಗಿ ಮಾತಾಡುತ್ತಾಳೆ, ಅತ್ತೆ ಎನ್ನಲು ಈ ಭೂಮಿಯ ಮೇಲೆ ನನಗಿರುವುದು ಒಂದೇ ಬಾಯಿ — ದೇವರೇ, ನೀನು ಎಲ್ಲರನ್ನೂ ಬೆಳಕಿಗೆ ಹಿಡಿದು ನೋಡುವವನು, ಅತ್ತೆಯನ್ನು ನೋಡಲು ಮರೆತೆಯಲ್ಲ, ಇವಳನ್ನು ನೋಡು, ನಾನು ಡಬ್ಬಿ ಹಿಡಿದು ನಿಲ್ಲುತ್ತೇನೆ, ದೀಪದ ಬಿಸಿ ನನಗೆ ಇರಲಿ. ರಿಂಗಾಗುತ್ತಿದೆ. ಅತ್ತೇ ನೀನಾ, ಏನು ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ, ನೀನಾಗೇ ಫೋನ್ ಮಾಡಿದೀಯಾ, ಭಾನುವಾರ ಬರ್ತೀಯ ತಾನೆ, ಬರದೇ ಇದ್ರೆ ನೋಡು, ನಾನು ಆ ಹುಡುಗನ ಮುಂದೆ ಹೋಗೋದೇ ಇಲ್ಲ, ಫೋಟೋದಲ್ಲಿ ಕಿವಿ ಸ್ವಲ್ಪ ದೊಡ್ಡದು ಅತ್ತೆ, ಆದರೆ ಪಾಪ ಒಳ್ಳೆಯೋನ ಥರ ಇದಾನೆ, ಕಿವಿ ದೊಡ್ಡದಿದ್ರೆ ನನ್ನ ಮಾತು ಕೇಳಿಸ್ಕೋತಾನೆ ಅಂತ ಅಮ್ಮ ಅಂತಾಳೆ, ಅತ್ತೆ, ಇದೀಯಾ? ಇದ್ದೇನೆ ಗುಬ್ಬಿ, ಎಂದೆ, ಗುಬ್ಬಿ, ಕೂತ್ಕೋ, ಒಂದು ಮಾತು ಹೇಳ್ತೀನಿ, ನಮ್ಮತ್ತೆ ಜ್ವರದಿಂದ ಹೋಗಲಿಲ್ಲ. ಹೇಳಿದೆ, ಬಚ್ಚಲಿನಿಂದ ಶುರುಮಾಡಿ ಎಲ್ಲ, ಗಂಟು, ಇದ್ದಿಲು, ಅಜ್ಜಿಯದು, ನನ್ನ ಎಡಗಡೆಯದು, ಮೂವತ್ತಕ್ಕೇ ತೋರಿಸಬೇಕಂತೆ ಎಂದು ಸಿಸ್ಟರು ಹೇಳಿದ್ದು, ನಿಮ್ಮಪ್ಪ ಬೈದರೆ ಬೈಯಲಿ, ನನ್ನನ್ನು ಕರೆಯದಿದ್ದರೂ ಸರಿ, ನೀನು ತೋರಿಸ್ಕೋ ಮಗೂ. ತೊಟ್ಟಿಲಿನಿಂದ ಈವರೆಗೆ ಬಾಯಿ ಮುಚ್ಚದ ಗುಬ್ಬಿ, ಉಸಿರು ಮಾತ್ರ ಕೇಳುತ್ತಿದೆ, ಕೋಪ ಬಂತೇನೋ, ಫೋನು ಇಡುತ್ತಾಳೇನೋ, ಇಟ್ಟರೆ ಇಡಲಿ, ಹೇಳಿದ್ದಾಯಿತು, ಕಿಟಕಿಯ ಗಾಜಿಗೆ ಹಣೆ ಒತ್ತಿದೆ, ತಣ್ಣಗಿದೆ, ಕೆಳಗೆ ಒಂದು ಬಸ್ಸು ಹೊರಟಿತು — ಅತ್ತೆ, ಎಂದಳು ಗುಬ್ಬಿ, ಅವಳದಲ್ಲದ ಸಣ್ಣ ದನಿ, ಅವರಿಗೆ ಆ ಗಂಟು ಒತ್ತಿದ್ರೂ ನೋವಾಗ್ತಿರಲಿಲ್ವಾ? ಯಾಕೆ ಗುಬ್ಬಿ, ಎನ್ನಬೇಕು, ಬಚ್ಚಲಿನ ಹೊಗೆ, ಒದ್ದೆ ಕೈ, ಕೈ ಸರಿಯುತ್ತಿದೆ, ಇದ್ದಿಲಿನ ಉಂಗುರ, ಮಾಸಿದ ಉಂಗುರ, ಅದರಾಚೆಗೆ ಹೊಸದು, ಕಪ್ಪಗೆ